ತಪ್ಪೆಣಿಸುವವನ ಸೊನ್ನೆ

ಆಸ್ಪತ್ರೆಯೊಂದರ ನೆಟ್‌ವರ್ಕ್ ಪೆಟ್ಟಿಗೆಯ ಕೇಬಲ್ಲು ಸಿಕ್ಕಿಸುವ ಏಳನೇ ಪೋರ್ಟಿನಲ್ಲಿ ಎಣಿಕೆಯ ಮೀಟರುಗಳಾದ ಅಣ್ಣತಮ್ಮಂದಿರಿಬ್ಬರು ಕೂತಿದ್ದರು. ಕೇಬಲ್ಲಿನಲ್ಲಿ ಬಂದ ಸಂದೇಶಗಳನ್ನೆಲ್ಲ ಅಣ್ಣ ಎಣಿಸುತ್ತಿದ್ದ. ಅವುಗಳಲ್ಲಿ ಕೆಟ್ಟು ಬಂದವನ್ನು ಮಾತ್ರ ತಮ್ಮ ಎಣಿಸುತ್ತಿದ್ದ. ತಮ್ಮನ ಅಂಕಿ ದಿನೇದಿನೇ ಏರತೊಡಗಿತು.

"ನಾಳೆ ಎಂಜಿನಿಯರಮ್ಮ ತಪಾಸಣೆಗೆ ಬರುತ್ತಾರೆ. ಮನೆಯ ಮಾನ ಕಳೆಯಬೇಡ, ಸೊನ್ನೆಯಾಗಿರು" ಎಂದ ಅಣ್ಣ.

"ಕೇಬಲ್ಲು ಒಳಗೊಳಗೇ ಸವೆಯುತ್ತಿದೆ ಅಣ್ಣಾ. ನಾನು ಹೇಳದಿದ್ದರೆ ಅವರಿಗೆ ಹೇಗೆ ತಿಳಿಯಬೇಕು?"

"ನನಗೇ ಎದುರಾಡುತ್ತೀಯಾ?"

ತಮ್ಮ ತಲೆ ತಗ್ಗಿಸಿ ಸೊನ್ನೆಯಾದ. ಎಂಜಿನಿಯರಮ್ಮ ನೋಡಿ, ಎಲ್ಲ ಸರಿಯಿದೆ ಎಂದು ಬರೆದುಕೊಂಡು ಹೋದರು.

ಮೂರನೆಯ ದಿನ ಕೇಬಲ್ಲು ಕಡಿದುಹೋಯಿತು. ರೋಗಿಗಳ ನಾಡಿ ತೋರಿಸುವ ಪರದೆಗಳು ಕಪ್ಪಾದವು. ಅಣ್ಣನ ಅಂಕಿ ಇದ್ದಲ್ಲೇ ನಿಂತಿತು.

"ಈಗಲಾದರೂ ಎಣಿಸು ತಮ್ಮಾ" ಎಂದು ಅಣ್ಣ ಅಂಗಲಾಚಿದ.

"ಏನನ್ನು ಎಣಿಸಲಿ ಅಣ್ಣಾ? ಸಂದೇಶ ಬಂದರೆ ತಾನೇ ಕೆಡುವುದು" ಎಂದ ತಮ್ಮ.