ಉಸಿರಿಗೆ ಮೊಹರು ಕೇಳಿದ ಮಂತ್ರಿ

ಮಕ್ಕಳೇ, ಕತ್ತಿನ ಹಿಂದೆ ಕೈಯಿಟ್ಟು ನೋಡಿ. ಅಲ್ಲಿಂದ ಸ್ವಲ್ಪ ಮೇಲೆ, ಬುರುಡೆಯೊಳಗೆ, ಒಂದು ರಾಜ್ಯವಿತ್ತು. ಮಹಡಿಯಲ್ಲಿ ಚಿತ್ತರಾಯನೆಂಬ ರಾಜ. ಎಲ್ಲವೂ ತನ್ನಿಂದಲೇ ನಡೆಯುತ್ತದೆಂದು ನಂಬಿದ್ದ. ರಾಜರು ಹಾಗೆಯೇ.

ನಿಜವಾದ ಕೆಲಸ ನಡೆಯುತ್ತಿದ್ದುದು ಕೆಳಗೆ, ಮಿದುಳಿನ ಕಾಂಡದಲ್ಲಿ. ಅಲ್ಲಿ ನರಗಳೇ ದಾರಿಗಳು. ಒಂದು ದಾರಿ ಮುಗಿದು ಇನ್ನೊಂದು ಶುರುವಾಗುವಲ್ಲಿ ಸಣ್ಣ ಕಂದಕ. ಅದನ್ನು ಹಾರಿ, ಆಚೆಯ ಬಾಗಿಲು ತಟ್ಟಿ, ಸುದ್ದಿ ಮುಟ್ಟಿಸುವವರು ರಸದೂತರು. ಮುಟ್ಟಿಸಿದ ಮೇಲೆ ಹರಟದೆ ವಾಪಸು ಬರಬೇಕು. ಉಸಿರಿನ ಸುದ್ದಿ ಸಿದ್ಲಿ ಎಂಬ ದೂತೆಯ ಪಾಲಿಗೆ. ಹಾರುವಳು, "ಎಳಕೋ" ಎನ್ನುವಳು, ಮರಳುವಳು.

ಮಂತ್ರಿ ಗರ್ವಪ್ಪನಿಗೆ ಇದು ಸೇರಲಿಲ್ಲ.

"ಪ್ರಭು, ಈ ದೂತರು ನಿಮ್ಮನ್ನು ಕೇಳದೆ ಉಸಿರಾಡಿಸುತ್ತಿದ್ದಾರೆ!"

ರಾಜನಿಗೆ ಅವಮಾನವಾಯಿತು. ಮೊಹರಿಲ್ಲದೆ ಯಾರೂ ಕಂದಕ ಹಾರಬಾರದೆಂದು ಆಜ್ಞೆಯಾಯಿತು. ಮೊಹರು ಗರ್ವಪ್ಪನ ಕೈಗೆ ಬಂತು. ರಾಜ ಹೋಳಿಗೆ ಉಂಡು ಮಲಗಿದ.

ಸಿದ್ಲಿ ಬಂದಳು. "ಅಯ್ಯಾ, ಉಸಿರು."

"ಕೂತಿರು."

ಉಸಿರಿಲ್ಲದೆ ರಾಜ್ಯದ ದೀಪಗಳು ಮಂಕಾದವು. ಮತ್ತೆ ಬಂದಳು. "ಅಯ್ಯಾ, ಉಸಿರು."

"ಬಗ್ಗಿ ಕೇಳು."

ಬಗ್ಗಿ ಕೇಳಿದಳು. ದೀಪಗಳು ನೀಲಿಯಾದವು. ಮೂರನೆಯ ಸಲ, "ಅಯ್ಯಾ, ಹೀಗಾದ್ರೆ ರಾಜರು ಇನ್ನು ಏಳೋದಿಲ್ಲ."

"ಎಲೆಅಡಿಕೆ ಹಾಕ್ಕೊಳ್ತಿರೋದು ಕಾಣಲ್ವೇನೆ?"

ಇವನ ಹತ್ತಿರ ವಾದ ದಂಡವೆಂದು ಸಿದ್ಲಿಗೆ ಹೊಳೆಯಿತು. ನಿಯಮವನ್ನು ಪೂರ್ತಿ ಪಾಲಿಸಿಬಿಡೋಣ ಎಂದುಕೊಂಡಳು. ಓಣಿಓಣಿಗೆ ಕೂಗಿದಳು, "ಎಲ್ಲರೂ ಬನ್ನಿ! ಮೊಹರಿಲ್ಲದೆ ಒಂದು ಗುಟುಕೂ ಇಳಿಯಬಾರದಂತೆ!"

ದೂತರು ಮುತ್ತಿಕೊಂಡರು.

"ಎದೆಬಡಿತ, ಅಯ್ಯಾ!"

"ಸೀನು, ಅಯ್ಯಾ, ಅರ್ಜೆಂಟು!"

"ನುಂಗೋದು! ನಾನು ನಿಧಾನ, ಕಾಯ್ತೀನಿ."

ಗರ್ವಪ್ಪನ ಬಾಯಿತುಂಬ ಎಲೆಯ ರಸ. ರಾಜನಿಗೂ ಮಂತ್ರಿಗೂ ನುಂಗುವ ದೂತ ಒಬ್ಬನೇ; ಅವನು ಕೈಕಟ್ಟಿ ನಿಂತಿದ್ದ. ನುಂಗಲಾಗಲಿಲ್ಲ, ಉಸಿರು ಎಳೆಯಲಾಗಲಿಲ್ಲ. ಮಂತ್ರಿಯ ಕಣ್ಣುಗುಡ್ಡೆ ಹೊರಬಂತು. ರಸವನ್ನೆಲ್ಲ ಅಂಗಿಯ ಮೇಲೆ ಉಗಿದು ಚೀರಿದ, "ಹಾರ್ರೋ! ಮೊಹರು ಬೇಡ!"

"ಕೇಳಿಸಲಿಲ್ಲ, ಅಯ್ಯಾ. ಮಹಡಿಗೂ ಕೇಳುವ ಹಾಗೆ ಹೇಳಿ," ಎಂದಳು ಸಿದ್ಲಿ.

"ಯಾರನ್ನೂ ಕೇಳಬೇಡಿ! ರಾಜನನ್ನೂ ಕೇಳಬೇಡಿ! ಹಾರ್ರೋ!"

ಸಿದ್ಲಿ ಆಗಲೇ ಆಚೆ ದಡದಲ್ಲಿದ್ದಳು. ರಾಜ ಸೊರ್ರನೆ ಉಸಿರೆಳೆದು ಎದ್ದು ಕೂತ. ಕೊನೆಯ ಮಾತು ಅವನ ಕಿವಿಗೆ ಸ್ಪಷ್ಟವಾಗಿ ಬಿದ್ದಿತ್ತು.

"ರಾಜನನ್ನೂ ಕೇಳಬೇಡಿ ಅಂದೆಯಾ?"

ಗರ್ವಪ್ಪನನ್ನು ಬಿಕ್ಕಳಿಕೆಯ ಬಾಗಿಲಿಗೆ ಕಾವಲು ಹಾಕಿದರು. ಬಿಕ್ಕಳಿಕೆ ಇವತ್ತಿಗೂ ಅವನನ್ನು ಕೇಳಿ ಬರುವುದಿಲ್ಲ. ಸಿದ್ಲಿ ಮೊದಲಿನಂತೆ ಹಾರುತ್ತಾಳೆ, ಮರಳುತ್ತಾಳೆ. ಉಸಿರಾಡಿಸುತ್ತಿರುವುದು ತಾನೇ ಎಂದು ರಾಜ ಈಗಲೂ ತಿಳಿದಿದ್ದಾನೆ. ತಿದ್ದುವ ಪುರುಸೊತ್ತು ಯಾರಿಗೂ ಇಲ್ಲ.

ನೀತಿ ಇಷ್ಟೇ, ಮಕ್ಕಳೇ: ತಾನಾಗಿ ಸರಿಯಾಗಿ ನಡೆಯುವ ಕೆಲಸಕ್ಕೆ ಅಡ್ಡ ಕೂತು, ಅದನ್ನು ಅಧಿಕಾರ ಎನ್ನಬಾರದು.