ಬರೆದವರು ಯಾರು?

ಗದಗಿನ ಪ್ರೆಸ್ಸೊಂದರಲ್ಲಿ ಲಗ್ನಪತ್ರಿಕೆ ಟೈಪ್ ಮಾಡುವ ಕಸ್ತೂರಿಗೆ ಒಂದು ಕಿರಿಕಿರಿಯಿತ್ತು. ಎಲ್ಲರೂ ಪುಕ್ಕಟೆ ಬಳಸುವ ಕನ್ನಡ ತಂತ್ರಾಂಶದಲ್ಲಿ ‘ಲಕ್ಷ್ಮೀ’ಯ ದೀರ್ಘ ಅಳಿಸಲು ಹೋದರೆ ಒತ್ತಕ್ಷರವೂ ಮಾಯವಾಗುತ್ತಿತ್ತು. ಅದರ ಕೋಡನ್ನು ಯಾರು ಬೇಕಾದರೂ ತಿದ್ದಿ ಕಳಿಸಬಹುದಿತ್ತು. ಆಕೆ ಕೋಡ್ ಬರೆಯಲು ಕಲಿತು, ತಿದ್ದಿ ಕಳಿಸಿದಳು.

ಅದಕ್ಕೆ ಒಪ್ಪಿಗೆ ಕೊಡಬೇಕಾದವರು ಬೆಂಗಳೂರಿನ ವಾದಿರಾಜರು. ಕೊಂಕು ತೆಗೆಯದೆ ಅವರು ಏನನ್ನೂ ಬಿಟ್ಟವರಲ್ಲ. ಕೋಡಿನಲ್ಲಿಟ್ಟ ಹೆಸರುಗಳು ಉದ್ದವಾದವು ಅಂದರು. ಆಕೆ ಗಿಡ್ಡ ಮಾಡಿದಳು. ಅರ್ಥವಾಗುವುದಿಲ್ಲ, ಉದ್ದ ಮಾಡಿ ಅಂದರು. ಅಷ್ಟರಲ್ಲಿ ಲಗ್ನದ ಸೀಜನ್ ಬಂದೇಬಿಟ್ಟಿತು.

ಕಸ್ತೂರಿ ಜಗಳ ಆಡಲಿಲ್ಲ. ಅವರು ಹೇಳಿದ್ದನ್ನೆಲ್ಲ ಮಾಡಿ, ಹೀಗೆ ಬರೆದಳು: “ಸರ್, ಇದರಾಗ ನಂದು ಅಂತ ಏನೂ ಉಳದಿಲ್ಲ. ಅದಕ್ಕ ಬರೆದವರು ಅಂತ ನಿಮ್ಮ ಹೆಸರು ಹಾಕೀನಿ. ಏನರ ತಪ್ಪಾದ್ರ ಪ್ರೆಸ್ಸಿನವರು ನಿಮಗ ಫೋನ್ ಮಾಡ್ತಾರ. ನಂಬರ್ ಕೊಟ್ರ ಅದನ್ನೂ ಹಾಕ್ತೀನಿ.”

ಉತ್ತರದ ಬದಲು ಫೋನೇ ಬಂತು.

“ಯಾವ ಪ್ರೆಸ್ಸಿನವರಮ್ಮ?”

“ಕರ್ನಾಟಕದಾಗ ಇರೋರೆಲ್ಲ, ಸರ್.”

ವಾದಿರಾಜರು ಕೆಮ್ಮಿದರು. “ನೀವು ಮೊದಲು ಕಳಿಸಿದ್ದೇ ಚೆನ್ನಾಗಿತ್ತಲ್ಲ?”

“ಅದರಾಗ ತಪ್ಪು ಅದಾವ ಅಂದಿದ್ರಲ್ರಿ?”

“ತಪ್ಪಲ್ಲಮ್ಮ, ಬರೀ ಸಲಹೆ.”

ಸಂಜೆಯೊಳಗೆ ಆಕೆಯ ಮೊದಲಿನ ಕೋಡಿಗೇ ಒಪ್ಪಿಗೆ ಬಿತ್ತು. ಕೆಳಗೆ ವಾದಿರಾಜರು ಒಂದು ಸಾಲು ಸೇರಿಸಿದ್ದರು: “ಅಚ್ಚುಕಟ್ಟಾದ ಕೆಲಸ. ನನ್ನ ಪಾತ್ರ ಇದರಲ್ಲಿ ಏನೇನೂ ಇಲ್ಲ.”

ಕಸ್ತೂರಿ ಅದನ್ನು ಗಟ್ಟಿಯಾಗಿ ಓದಿದಳು. ಪ್ರೆಸ್ಸಿನವರು ನಕ್ಕ ನಗೆಗೆ ಮಷೀನು ನಿಲ್ಲಿಸಬೇಕಾಯಿತು.