ದೊರೆಯ ಸೀನು ಕದ್ದವರು ಯಾರು?

ಒಂದಾನೊಂದು ಊರಿನಲ್ಲಿ ಒಬ್ಬ ದೊರೆ, ಕೇಳ್ರಪ್ಪಾ. ಅವನ ಸೀನು ಕಳೆದುಹೋಯಿತು. ಮೂಗು ತುರಿಸುತ್ತದೆ, ಬಾಯಿ ತೆರೆಯುತ್ತದೆ, ಸೀನು ಮಾತ್ರ ಬಾರದು. ಹೀಗೇ ಒಂಬತ್ತು ದಿನ.

ಡೊಳ್ಳುಹೊಟ್ಟೆಯ ಮಂತ್ರಿ ಚೆನ್ನರಸಯ್ಯ ಬಿಕ್ಕಳಿಸುತ್ತಲೇ ಊರೆಲ್ಲ ಹುಡುಕಿದ. ಖಾರದ ಪುಡಿ ಕುಟ್ಟುವ ಸಣ್ಣೀರಮ್ಮನ ಬಾಗಿಲಲ್ಲಿ ಹೋಗುವವರೂ ಸೀನುತ್ತಾರೆ, ಬರುವವರೂ ಸೀನುತ್ತಾರೆ. ಒನಕೆಯ ಸಮೇತ ಅವಳನ್ನು ಹಿಡಿದು ತಂದ.

"ಕದ್ದವಳು ಇವಳೇ, ಪ್ರಭು. ಅರಮನೆಯಲ್ಲಿ ಸೀನಿಲ್ಲ, ಇವಳ ಬೀದಿಯಲ್ಲಿ ರಾಶಿ ಸೀನು!"

"ಅದು ಮೆಣಸಿನಕಾಯಿ ಘಾಟು, ಬುದ್ಧಿ," ಅಂದಳು ಸಣ್ಣೀರಮ್ಮ.

"ಘಾಟಿಗೆ ಬೀದಿಯ ಸೀನು ಹೊಂದೀತು. ದೊರೆಯ ಸೀನು ಹೋದದ್ದು? ನನ್ನ ಮಾತಿಗೆ ಎರಡೂ ಹೊಂದುತ್ತೆ!"

ಒನಕೆ ಬಾಯಿಬಿಟ್ಟಿತು: "ಇವಳು ಕದ್ದದ್ದನ್ನು ನಾ ಕಾಣೆ."

"ಕಳ್ಳರು ಕಾಣುವ ಹಾಗೆ ಕದಿಯುತ್ತಾರಾ? ಅದೂ ಹೊಂದಿತು!"

ದೊರೆ ತಲೆದೂಗಿದ. "ಹೊತ್ತು ಮುಳುಗುವುದರೊಳಗೆ ನನ್ನ ಸೀನು ಬರಬೇಕು. ಇಲ್ಲವಾದರೆ ಇವಳ ಮೂಗು ಕೊಯ್ಯಿರಿ."

ಕತ್ತಿ ಮಸೆಯುವ ಸದ್ದು. ಹೊತ್ತು ಇಳಿಯಿತು, ಇನ್ನೂ ಇಳಿಯಿತು. ಸಣ್ಣೀರಮ್ಮನ ಮೂಗು ತಣ್ಣಗಾಯಿತು. ಬಾಯಿಗೆ ಬಂದದ್ದು ಅಂದುಬಿಟ್ಟಳು.

"ಸೀನು ನುಂಗಿದವರು ಮಂತ್ರಿಗಳು! ಅದಕ್ಕೇ ನಿಮಗೆ ಸೀನಿಲ್ಲ. ಅದಕ್ಕೇ ಅವರ ಹೊಟ್ಟೆ ಉಬ್ಬಿದೆ. ಅದಕ್ಕೇ ಅವರಿಗೆ ಬಿಕ್ಕಳಿಕೆ. ಅದಕ್ಕೇ ಇನ್ನೊಬ್ಬರ ಮೇಲೆ ಹೇಳುತ್ತಾರೆ. ಅವರ ಮಾತಿಗೆ ಮೂರು ಹೊಂದಿತು, ನನ್ನ ಮಾತಿಗೆ ನಾಲ್ಕು!"

"ಒಂದು ಹೆಚ್ಚು!" ಅಂದ ದೊರೆ.

ಕತ್ತಿ ಮಂತ್ರಿಯ ಮೂಗಿಗೆ ತಿರುಗಿತು. ಮಂತ್ರಿಯ ಕಣ್ಣಲ್ಲಿ ನೀರು. ಸಣ್ಣೀರಮ್ಮ ಅದನ್ನು ಕಂಡಳು. ಸುಮ್ಮನಿದ್ದರೆ ಬದುಕುತ್ತಿದ್ದಳು. ಸುಮ್ಮನಿರಲಾಗಲಿಲ್ಲ.

"ತಡೀರಿ ಬುದ್ಧಿ! ಅದು ನಾನು ಈಗ ಹೊಸೆದ ಸುಳ್ಳು. ಹೊಂದುವುದನ್ನೆಲ್ಲ ನಂಬಿದರೆ ಊರಲ್ಲಿ ಒಂದು ಮೂಗೂ ಉಳಿಯದು. ನನ್ನ ಒರಳ ಹತ್ತಿರ ಬಂದು ಒಮ್ಮೆ ಉಸಿರೆಳೆಯಿರಿ. ಘಾಟೋ ಕಳವೋ ಗೊತ್ತಾಗಲಿ."

ಸೂರ್ಯ ಗುಡ್ಡದ ಮೇಲೆ ಒಂದು ಗೇಣು. ದೊರೆ ಓಡಿದ, ಕತ್ತಿಯವನು ಓಡಿದ, ಒನಕೆಯೂ ಓಡಿತು. ದೊರೆ ಒರಳಿಗೆ ಮೂಗಿಟ್ಟ. ಬಾಯಿ ತೆರೆದ. ಊರೇ ಉಸಿರು ಬಿಗಿಹಿಡಿಯಿತು.

"ಆಕ್ಷೀ!"

"ಕಂಡಿರಾ, ಘಾಟು!" ಅಂದಳು ಸಣ್ಣೀರಮ್ಮ.

"ಕಂಡಿರಾ, ಬಚ್ಚಿಟ್ಟದ್ದು ಇಲ್ಲೇ!" ಅಂದ ಮಂತ್ರಿ.

ದೊರೆ ಮೂಗೊರೆಸಿಕೊಂಡು ಇಬ್ಬರನ್ನೂ ನೋಡಿದ. ಎರಡೂ ಹೊಂದಿತ್ತು. ಸೀನು ಹೊತ್ತಿಗೆ ಮುಂಚೆ ಬಂದದ್ದರಿಂದ ಯಾರ ಮೂಗೂ ಹೋಗಲಿಲ್ಲ. ಆದರೆ ಸಾಯುವ ತನಕ ಸಣ್ಣೀರಮ್ಮನನ್ನು ಊರು ಕರೆದದ್ದು 'ಸೀನುಗಳ್ಳಿ' ಅಂತಲೇ.

ಅವರ ಮೂಗು ಅಲ್ಲಿ, ನಮ್ಮ ಮೂಗು ಇಲ್ಲಿ. ನೀತಿ ಬೇಕೇ? ಚೆನ್ನಾಗಿ ಹೊಂದಿತು ಅಂತ ಯಾವ ಮಾತನ್ನೂ ನಂಬಬೇಡಿ. ಇದನ್ನು ಮಾತ್ರ ನಂಬಿ. ಎಷ್ಟು ಚೆನ್ನಾಗಿ ಹೊಂದಿದೆ ನೋಡಿ!